ನೆಳರು

ಮೇಡಂ ಕೊಟ್ಟ ಕೆಲಸ ಕೇಳುವುದಕ್ಕೆ ಹಗುರವಾಗಿತ್ತು. ಅಂತರ್ಜಾಲದಲ್ಲಿ ಬರುವ ಸಾಹಿತ್ಯ ಪತ್ರಿಕೆಗಳನ್ನು ಹುಡುಕಿ ಓದಬೇಕು, ಆಮೇಲೆ ಬರೆಯುವವರಿಗೆಂದು ಜಾಲದಲ್ಲಿ ಬಿಟ್ಟಿ ಸಿಗುವ ಸಲಕರಣೆಗಳಲ್ಲಿ ಒಂದನ್ನು ಬಳಸಿ ಸ್ವಂತದ್ದೊಂದು ಕಥೆ ಬರೆದು ತರಬೇಕು. ಸಲಕರಣೆಗಳಿಗೇನು ಬರವೇ? ಕಥೆಯನ್ನು ಕವಲು ಕವಲಾಗಿ ಒಡೆದು, ಓದುವವನು ಒತ್ತಿದ ಕಡೆಗೆ ಕರೆದೊಯ್ಯುವುದು ಒಂದು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ಇನ್ನೊಂದು. ಕೈ ನಿಲ್ಲಿಸಿದರೆ ಬರೆದದ್ದನ್ನೆಲ್ಲ ಅಳಿಸಿಹಾಕಿ ಸೋಮಾರಿಗಳಿಗೆ ಬುದ್ಧಿ ಕಲಿಸುವುದು ಮತ್ತೊಂದು. ಕಾಲೇಜಿನ ಹುಡುಗ ಹುಡುಗಿಯರು ಆಟಿಕೆ ಅಂಗಡಿಗೆ ಬಿಟ್ಟ ಮಕ್ಕಳ ಹಾಗೆ ಎಲ್ಲವನ್ನೂ ಒತ್ತಿ ನೋಡಿದರು. ಒಂದನ್ನು ಮಾತ್ರ ಯಾರೂ ಇಷ್ಟಪಡಲಿಲ್ಲ. ಬರೆದದ್ದನ್ನು ಅದಕ್ಕೆ ಹಾಕಿದರೆ ಅದು ಇಡೀ ಜಾಲವನ್ನು ಜಾಲಾಡಿ, ಬೇರೆಯವರು ಮೊದಲೇ ಬರೆದ ಸಾಲು ಸಿಕ್ಕಿದರೆ ಕೆಂಪು ಬಳಿದು ತೋರಿಸುತ್ತಿತ್ತು. ಅದಕ್ಕೆ ತರಗತಿಯಲ್ಲಿ ಜರಡಿ ಎಂದು ಹೆಸರು ಬಿತ್ತು.

ಮಳ್ಳಿಗೆ ಜರಡಿಯ ಭಯವಿರಲಿಲ್ಲ. ಮಳ್ಳಿ ಎಂಬುದು ಅವಳ ಮನೆಯ ಹೆಸರು, ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕವಳಿದ್ದಾಗ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿ, ತುಟಿಯ ಮೇಲೆ ಪುಡಿ ಇಟ್ಟುಕೊಂಡೇ ತನಗೇನೂ ಗೊತ್ತಿಲ್ಲ ಎಂಬ ಮುಖ ಮಾಡುತ್ತಿದ್ದಳಂತೆ. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ, ಆ ಗಾದೆಯ ಮಳ್ಳಿ. ಈಗ ಅವಳು ದೊಡ್ಡವಳಾಗಿದ್ದಳು, ಬಿಸ್ಕತ್ತು ಕೇಳಿಯೇ ತಿನ್ನುತ್ತಿದ್ದಳು, ಕಥೆಯನ್ನಂತೂ ತಾನೇ ಬರೆದಿದ್ದಳು. ಬರೆಯಲು ಕೂತರೆ ಪಕ್ಕದಲ್ಲಿ ಯಾರೋ ಕೂತು ಹೇಳಿಕೊಟ್ಟ ಹಾಗೆ ಸಾಲುಗಳು ಬರುತ್ತಿದ್ದವು. ಅದನ್ನೇ ಪ್ರತಿಭೆ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದಳು, ಪಾಪ.

ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆಸಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅವಳ ಕಥೆ ಮೇಲಿಂದ ಕೆಳಗಿನವರೆಗೆ ಕೆಂಪಾಗಿತ್ತು.

"ಏನಮ್ಮ ಇದು?"

"ನನ್ನ ಕಥೆ ಮೇಡಂ."

"ನಿನ್ನ ಕಥೆ ನೀನು ಪ್ರೈಮರಿ ಸ್ಕೂಲಲ್ಲಿ ಇದ್ದಾಗಲೇ ಪ್ರಕಟ ಆಗಿದೆ. ಯಾವುದೋ ಜಾಲ ಪತ್ರಿಕೆ, ಈಗ ನಿಂತುಹೋಗಿದೆ. ಹಳೇದು, ಯಾರು ನೋಡ್ತಾರೆ ಅಂದ್ಕೊಂಡ್ಯಾ?"

ಆ ಪತ್ರಿಕೆಯ ಹೆಸರನ್ನೇ ತಾನು ಕೇಳಿಲ್ಲ ಎಂದಳು ಮಳ್ಳಿ. ಮೇಡಂ ಕೆಟ್ಟವರೇನಲ್ಲ, ಆದರೆ ವರ್ಷ ವರ್ಷವೂ ಇಂಥ ಮುಖಗಳನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು.

"ಅಲ್ಲೊಂದು ಇಲ್ಲೊಂದು ಸಾಲು ಯಾರಿಗಾದ್ರೂ ಹೊಂದತ್ತೆ, ಅದನ್ನ ನಾನು ಲೆಕ್ಕಕ್ಕೆ ಇಟ್ಕೊಳಲ್ಲ. ಇಲ್ಲಿ ನೋಡು. ನೆರಳು ಅನ್ನೋದಕ್ಕೆ ಅವರು ಉದ್ದಕ್ಕೂ ನೆಳರು ಅಂತ ಬರೆದಿದ್ದಾರೆ. ನೀನೂ ನೆಳರು ಅಂತಲೇ ಬರೆದಿದೀಯ. ಸರಿಯಾದ್ದನ್ನ ಇಬ್ಬರು ಬೇರೆ ಬೇರೆಯಾಗಿ ಬರೀಬಹುದು. ಒಂದೇ ತಪ್ಪನ್ನ ಇಬ್ಬರು ಬೇರೆ ಬೇರೆಯಾಗಿ ಮಾಡಲ್ಲ. ಕಾಪಿ ಹೊಡೆಯೋರು ಸಿಕ್ಕಿಬೀಳೋದು ಯಾವಾಗಲೂ ತಪ್ಪಿನಲ್ಲೇ."

"ಅದು ತಪ್ಪಲ್ಲ ಮೇಡಂ. ಆ ಕಥೆಯಲ್ಲಿ ಅದರ ಹೆಸರೇ ಹಾಗೆ."

"ಅವರೂ ಕಥೆಯೊಳಗೆ ಅದನ್ನೇ ಬರೆದಿದ್ದಾರೆ, ಓದು."

ಓದಿದಳು. ಹಾಗೆಯೇ ಇತ್ತು. ಕಥೆ ಇಷ್ಟೇ: ಬೆಳಗಾದರೆ ಎಲ್ಲರೂ ಅವಸರದಲ್ಲಿ ಹೊರಡುವ ಒಂದು ಮನೆ. ಒಂದು ದಿನ ಆ ಮನೆಯ ದೊಡ್ಡ ಹುಡುಗಿ ಹೊರಡುವ ಗಡಿಬಿಡಿಯಲ್ಲಿ ತನ್ನ ನೆಳರನ್ನು ಮನೆಯಲ್ಲೇ ಮರೆತು ಹೋಗುತ್ತಾಳೆ. ಅದಕ್ಕೆ ಗೊತ್ತಿರುವ ಕೆಲಸ ಒಂದೇ, ಅವಳು ಕೊನೆಗೆ ನಿಂತಿದ್ದ ಜಾಗದಲ್ಲಿ ನಿಂತು ಕಾಯುವುದು. ಕೊನೆ ಏನಾಗುತ್ತದೆ ಎಂದು ಮಳ್ಳಿಗೆ ಎಷ್ಟು ತಲೆ ಕೆರೆದುಕೊಂಡರೂ ಹೊಳೆದಿರಲಿಲ್ಲ. ಕವಲಿನ ಸಲಕರಣೆ ಹೇಗೂ ಇತ್ತಲ್ಲ, ಕೊನೆಯ ಕವಲನ್ನು ಖಾಲಿ ಬಿಟ್ಟು, ಓದುವವರೇ ತುಂಬಿಕೊಳ್ಳಲಿ, ಇದು ಹೊಸ ರೀತಿ ಎಂದು ಕೈ ತೊಳೆದುಕೊಂಡಿದ್ದಳು. ಹಳೆಯ ಪತ್ರಿಕೆಯ ಕಥೆಯೂ ಅಲ್ಲಿಗೇ ನಿಂತಿತ್ತು.

"ಸೋಮವಾರ ಬೇರೆ ಕಥೆ ತಾ," ಎಂದರು ಮೇಡಂ. "ಅದೂ ಹೀಗೇ ಸಿಕ್ಕಿದ್ರೆ ನಾನು ಪ್ರಿನ್ಸಿಪಾಲರಿಗೆ ಹೇಳಬೇಕಾಗತ್ತೆ."

ಮಳ್ಳಿ ನೇರವಾಗಿ ಕಂಪ್ಯೂಟರ್ ಕೋಣೆಗೆ ಹೋಗಿ ಮೂಲೆಯ ಕುರ್ಚಿ ಹಿಡಿದಳು. ಮೊದಲು ಸಿಟ್ಟು ಬಂದಿತ್ತು. ಇದು ಯಾವುದೋ ಯಂತ್ರದ ಎಡವಟ್ಟು, ತನ್ನ ತಲೆಯಲ್ಲಿ ಕಥೆಗಳಿಗೇನು ಕಡಿಮೆಯೇ ಎಂದುಕೊಂಡು ಲಿಫ್ಟಿನ ಕಥೆ ಬರೆದಳು. ಇಲ್ಲದ ಮಹಡಿಯಲ್ಲಿ ನಿಲ್ಲುವ ಲಿಫ್ಟು, ಬಾಗಿಲು ತೆರೆದರೆ ಒಳಗೆ ಬರದೆ ನಿಂತು ನಗುವ ಜನ. ಜರಡಿಗೆ ಹಾಕಿದಳು. ಕೆಂಪು. ಅದೇ ಪತ್ರಿಕೆ, ಬೇರೆ ಸಂಚಿಕೆ.

ಅಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಅಂಗಡಿಯಲ್ಲಿ ಎಲ್ಲರ ಕಣ್ಣನ್ನೂ ಸರಿ ಮಾಡಿ ಮನೆಗೆ ಬಂದರೆ ಎದುರಿಗಿರುವುದು ಕಾಣದ ಮನುಷ್ಯ ಎಂದು ಅಮ್ಮ ಹೇಳುವುದಿತ್ತು. ಅಪ್ಪನನ್ನು ನೆನೆದು ಮಳ್ಳಿ ಇನ್ನೊಂದು ಕಥೆ ಹೊಸೆದಳು. ಹಳೆಯ ಕನ್ನಡಕ ಹಾಕಿಕೊಂಡವರಿಗೆ ಅದನ್ನು ಮೊದಲು ಹಾಕಿಕೊಂಡಿದ್ದವರು ನೋಡಿದ್ದೆಲ್ಲ ಕಾಣುತ್ತದೆ. ಇದಂತೂ ತನ್ನ ಮನೆಯ ಸರಕು, ಯಾರಪ್ಪನ ಗಂಟು? ಜರಡಿ ಅದನ್ನೂ ಕೆಂಪು ಮಾಡಿತು.

ಆಗ ಅವಳಿಗೆ ಹೆದರಿಕೆ ಶುರುವಾಯಿತು. ಸಾಲನ್ನು ಪೂರ್ತಿ ಬರೆಯದೆ ಅರ್ಧಕ್ಕೆ ನಿಲ್ಲಿಸಿ ಹಾಕಿದಳು: "ಕನ್ನಡಕ ತೆಗೆದಿಟ್ಟ ಮೇಲೂ ಮುದುಕನಿಗೆ". ಜರಡಿ ಹಳೆಯ ಪತ್ರಿಕೆಯ ಪೂರ್ತಿ ಸಾಲನ್ನು ತಂದು ತೋರಿಸಿತು: "ಕನ್ನಡಕ ತೆಗೆದಿಟ್ಟ ಮೇಲೂ ಮುದುಕನಿಗೆ ಆ ಹೆಂಗಸು ಕೈ ಬೀಸುವುದು ಕಾಣುತ್ತಲೇ ಇತ್ತು." ಮಳ್ಳಿ ಬರೆಯದೆ ಉಳಿಸಿಕೊಂಡದ್ದೂ ಅದೇ ಮಾತು. ಕೈ ಬೀಸುವುದು ಎಂಬುದನ್ನು ಅವಳು ಇನ್ನೂ ತನಗೆ ತಾನೇ ಹೇಳಿಕೊಂಡಿರಲಿಲ್ಲ ಕೂಡ. ಹೋದಲ್ಲೆಲ್ಲ ಯಾರೋ ಮೊದಲೇ ಬಂದು ಕೂತು, ಇಷ್ಟು ತಡವೇ ಎಂದು ನೋಡುತ್ತಿದ್ದ ಹಾಗಾಯಿತು. ಬೆನ್ನ ಹಿಂದೆ ತಿರುಗಿ ನೋಡಿದಳು. ಖಾಲಿ ಕುರ್ಚಿಗಳು, ಉರಿಯುತ್ತಿದ್ದ ಪರದೆಗಳು, ಬಾಗಿಲ ಬಳಿ ಆಕಳಿಸುತ್ತಿದ್ದ ಅಟೆಂಡರ್, ಅಷ್ಟೇ.

ಆ ಪತ್ರಿಕೆಯನ್ನೇ ತೆರೆದಳು. ಯಾವ ಕಾಲದಲ್ಲೋ ನಿಂತುಹೋದ ಪತ್ರಿಕೆ. ಚಿತ್ರಗಳಿದ್ದ ಜಾಗದಲ್ಲಿ ಖಾಲಿ ಚೌಕಗಳು. ಹೊಸ ಸಂಚಿಕೆ ಸದ್ಯದಲ್ಲೇ ಎಂದು ಸಂಪಾದಕರು ಬರೆದದ್ದು ಇನ್ನೂ ಹಾಗೆಯೇ ಇತ್ತು, ಆ ಸದ್ಯ ಬಂದಿರಲಿಲ್ಲ. ಕಥೆಗಳ ಕೆಳಗೆ ಬರೆದವರ ಹೆಸರು ಹುಡುಕಿದಳು. ನಿಜ ಹೆಸರಿರಲಿಲ್ಲ, ಎಲ್ಲಕ್ಕೂ ಒಂದೇ ಕಾವ್ಯನಾಮವಿತ್ತು.

ಮೂರು ಮತ್ತೊಂದು.

ಮಳ್ಳಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅಟೆಂಡರ್ ಏನಮ್ಮ ಎಂದ. ಏನಿಲ್ಲ ಎಂದು ಚೀಲ ಎತ್ತಿಕೊಂಡು ಹೊರಬಿದ್ದಳು. ಮಳ್ಳಿ ಎಂದು ಕರೆಯುವವರು ಈ ಲೋಕದಲ್ಲಿ ಇದ್ದದ್ದೇ ಅಪ್ಪ ಅಮ್ಮ ಇಬ್ಬರು. ಆ ಕರೆಗೆ ಓಗೊಟ್ಟ ಹಾಗೆ ಮೂರು ಮತ್ತೊಂದು ಎಂದು ಅಲ್ಲಿ ಕೂತು ಹೇಳುತ್ತಿರುವವರು ಯಾರು? ಬಸ್ಸಿನಲ್ಲಿ ಇಡೀ ದಾರಿ ಅವಳಿಗೆ ಮೈ ಬೆಚ್ಚಗಾಗಲಿಲ್ಲ.

ಅಮ್ಮ ಮನೆಮನೆಗೆ, ಆಫೀಸುಗಳಿಗೆ ಕಿಟಕಿ ಪರದೆ ಹೊಲಿದು ಕೊಡುವವಳು. ಮನೆಯ ಮುಂದಿನ ಕೋಣೆ ಪೂರ್ತಿ ಅವಳದ್ದೇ: ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದ ಬಟ್ಟೆ, ಗೋಡೆಗೆ ಒರಗಿಸಿದ ಕೊಳವೆಗಳು, ಡಬ್ಬಿ ತುಂಬ ಕೊಕ್ಕೆಗಳು. ಮಗಳು ಒಳಗೆ ಬಂದದ್ದನ್ನು ಕಂಡೂ ಅಮ್ಮ ಮೆಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಯಾಕೆ, ಮುಖ ಹೀಗಿದೆ?"

"ಏನಿಲ್ಲ. ಒಂದು ಕಥೆ ಓದ್ತೀನಿ, ಕೇಳ್ತೀಯಾ?"

"ಕೈಗೆ ಪುರುಸೊತ್ತಿಲ್ಲ, ಕಿವಿಗೆ ಇದೆ. ಓದು."

ಜೊತೆಗೆ ಒಬ್ಬರು ಕೇಳಿದರೆ ಹೆದರಿಕೆ ಇಳಿದೀತು ಎಂದಷ್ಟೇ ಮಳ್ಳಿಯ ಎಣಿಕೆ. ಮೊಬೈಲಿನಲ್ಲಿ ಪತ್ರಿಕೆ ತೆರೆದು ನೆಳರಿನ ಕಥೆಯನ್ನು ಮೊದಲಿನಿಂದ ಓದತೊಡಗಿದಳು. "ಆ ಮನೆಯವರೆಲ್ಲ ಬೆಳಗಾದರೆ ಅವಸರದವರು. ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ, ಒಬ್ಬರ ಬುತ್ತಿ ಇನ್ನೊಬ್ಬರ ಚೀಲಕ್ಕೆ. ಒಂದು ದಿನ ದೊಡ್ಡ ಹುಡುಗಿ ಎಷ್ಟು ಅವಸರದಲ್ಲಿ ಹೊರಟಳೆಂದರೆ..."

ಮೆಷಿನ್ ನಿಂತಿತು.

"ತನ್ನ ನೆಳರನ್ನು ಬಾಗಿಲ ಹಿಂದೆಯೇ ಮರೆತು ಹೋದಳು," ಎಂದಳು ಅಮ್ಮ, ಬಟ್ಟೆಯಿಂದ ಕಣ್ಣೆತ್ತದೆ.

ಮಳ್ಳಿ ಬೆರಳಿನಿಂದ ಪುಟ ಸರಿಸಿದಳು. ಮುಂದಿನ ಸಾಲು ಅದೇ ಆಗಿತ್ತು. ಅಮ್ಮನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

"ಎಲ್ಲಿ ಸಿಕ್ತು ನಿಂಗೆ ಇದು?"

"ಜಾಲದಲ್ಲಿ. ಯಾರೋ ಮೂರು ಮತ್ತೊಂದು ಅಂತ ಹೆಸರಿಟ್ಕೊಂಡು ಬರೆದಿದ್ದಾರೆ."

ಅಮ್ಮ ಕತ್ತರಿಯನ್ನು ಕೈಗೆ ತೆಗೆದುಕೊಂಡಳು, ಏನನ್ನೂ ಕತ್ತರಿಸದೆ ಮತ್ತೆ ಕೆಳಗಿಟ್ಟಳು. "ಯಾರೋ ಅಲ್ಲ," ಎಂದಳು. "ಅಕ್ಕ."

ಆ ಮನೆಯಲ್ಲಿ ಆಡದ ಮಾತು ಅದೊಂದೇ. ಮಳ್ಳಿ ಎರಡನೇ ಕ್ಲಾಸಿನಲ್ಲಿದ್ದಾಗ ಕಾಲೇಜು ಓದುತ್ತಿದ್ದ ಅಕ್ಕ ಜ್ವರವೆಂದು ಆಸ್ಪತ್ರೆಗೆ ಹೋಗಿದ್ದಳು. ಮಳ್ಳಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ವಾಪಸು ಕರೆತಂದಾಗ ಅಕ್ಕನ ಮಂಚವಿರಲಿಲ್ಲ, ಗೋಡೆಯ ಮೇಲೆ ಫೋಟೋ ಇರಲಿಲ್ಲ. ಅಕ್ಕ ದೂರ ಹೋಗಿದ್ದಾಳೆ ಎಂದು ಅಪ್ಪ ಒಮ್ಮೆ ಹೇಳಿದ್ದ. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ. ಬೆಳೆಯುತ್ತ ಬೆಳೆಯುತ್ತ ಮಳ್ಳಿಗೆ ವಿಷಯ ತಾನಾಗಿ ಗೊತ್ತಾಯಿತು, ಆದರೆ ಯಾರ ಬಾಯಿಂದಲೂ ಕೇಳಲಿಲ್ಲ. ಹೀಗೂ ಮನೆಗಳಿರುತ್ತವೆ. ಗಾಯದ ಮೇಲೆ ಬಟ್ಟೆ ಮುಚ್ಚಿ, ಮಾಯ್ದಿದೆಯೋ ಇಲ್ಲವೋ ಎಂದು ತೆರೆದು ನೋಡಲೂ ಅಂಜುವ ಮನೆಗಳು.

"ಅವಳು ಬರೀತಿದ್ದಳು ಅಂತ ನಂಗೆ ಗೊತ್ತೇ ಇಲ್ಲ," ಎಂದಳು ಅಮ್ಮ. "ಹೇಳ್ತಿದ್ದಳು ಅಂತ ಗೊತ್ತು. ಕಾಲೇಜಿಂದ ಬಂದೋಳೇ ನಿನ್ನ ಎಳ್ಕೊಂಡು ಈ ಮೇಜಿನ ಕೆಳಗೆ ತೂರಿಕೊಳ್ಳೋಳು. ಮೇಲೆ ನಾನು ಹೊಲೀತಿದ್ದರೆ ಕೆಳಗೆ ನಿಮ್ಮ ಪಿಸಿಪಿಸಿ. ನೂಲು ಕಡಿದುಹೋದ್ರೂ ನಾನು ಸುಮ್ನೆ ಮೆಷಿನ್ ತುಳೀತಾ ಇರ್ತಿದ್ದೆ, ಸದ್ದು ನಿಂತ್ರೆ ಕಥೆ ನಿಲ್ಲಿಸಿಬಿಡ್ತಾಳೆ ಅಂತ."

"ನಂಗೆ ಒಂದೂ ನೆನಪಿಲ್ಲ ಅಮ್ಮ."

"ನೆನಪಿಲ್ದೆ ಬರೆದ್ಯಾ?"

ಪಕ್ಕದಲ್ಲಿ ಯಾರೋ ಕೂತು ಹೇಳಿಕೊಟ್ಟ ಹಾಗೆ ಎಂದು ಮಳ್ಳಿ ಬೀಗಿದ್ದಳಲ್ಲ, ಕೂತದ್ದು ಯಾರೆಂದು ಈಗ ತಿಳಿಯಿತು. ಕಾಲೇಜಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ತಪ್ಪಿನಲ್ಲಿ ಸಿಕ್ಕಿಬಿದ್ದೆ ಎಂದು ಮೇಡಂ ಹೇಳಿದ್ದನ್ನೂ ಹೇಳಿದಳು.

ಅಮ್ಮ ನಕ್ಕಳು. ಅಳುವುದಕ್ಕೆ ಮುಂಚೆ ಬರುವ ನಗು. "ತಪ್ಪು ನಿಂದೇ ಕಣೇ ಅದು. ನಿಂಗೆ ನಾಲಿಗೆ ತಿರುಗ್ತಿರಲಿಲ್ಲ. ನೆರಳು ಅನ್ನು ಅಂದ್ರೆ ನೆಳರು ಅನ್ನೋಳು. ನಾನು ತಿದ್ದೋಕೆ ಹೋದ್ರೆ ಅವಳು ನನ್ನ ಮೇಲೇ ಬರೋಳು. ಅಮ್ಮಾ, ನೆರಳು ಬೇರೆ, ನೆಳರು ಬೇರೆ, ನೆರಳು ಜೊತೇಲಿ ಹೋಗತ್ತೆ, ನೆಳರು ಮನೇಲೇ ಉಳ್ಕೊಳ್ಳತ್ತೆ, ಅವಳು ಸರಿಯಾಗೇ ಹೇಳ್ತಿದಾಳೆ ಅನ್ನೋಳು."

ಆ ಸಂಜೆ ಪರದೆ ಹೊಲಿಯುವ ಕೆಲಸ ಹಾಗೆಯೇ ಬಿತ್ತು. ಮಳ್ಳಿ ಓದುತ್ತ ಹೋದಳು, ಅಮ್ಮ ಅಲ್ಲಲ್ಲಿ ಅವಳಿಗಿಂತ ಮೊದಲೇ ಸಾಲು ಹೇಳುತ್ತ ಹೋದಳು. ಲಿಫ್ಟಿನ ಕಥೆ, ಕನ್ನಡಕದ ಕಥೆ ಎಲ್ಲ ಮುಗಿದು ಮತ್ತೆ ನೆಳರಿನ ಕೊನೆಗೆ ಬಂದರು. ಕಥೆಯ ಕೆಳಗೆ, ಮುಂದಿನ ಸಂಚಿಕೆಯಲ್ಲಿ ಮುಗಿಯುತ್ತದೆ ಎಂದಿತ್ತು.

"ಕೊನೆಗೆ ಏನಾಗತ್ತೆ?" ಎಂದು ಅಮ್ಮ ಕೇಳಿದಳು.

"ಬರೆದಿಲ್ಲ. ನಿಂಗೆ ಗೊತ್ತಿಲ್ವಾ?"

"ಹೇಳಲೇ ಇಲ್ಲ. ಆಸ್ಪತ್ರೆಯಿಂದ ಬಂದು ಹೇಳ್ತೀನಿ ಅಂದಿದ್ದಳು ನಿಂಗೆ. ನಿನ್ನ ವಾಪಸ್ ಕರ್ಕೊಂಡು ಬಂದ ಮೇಲೆ ನೀನು ಶಾಲೆಯಿಂದ ಬಂದೋಳು ನೇರ ಮೇಜಿನ ಕೆಳಗೆ ಹೋಗಿ ಕೂರ್ತಿದ್ದೆ. ಬಾ ಅಂದ್ರೆ ಬರ್ತಿರಲಿಲ್ಲ. ಎಷ್ಟು ದಿನ ಹಾಗೆ..." ಅಪ್ಪ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಅವನು ಒಳಗೆ ಬರದೆ ಹಾಗೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಮರುದಿನ ಅಮ್ಮ ತಾನೇ ಕಾಲೇಜಿಗೆ ಬಂದಳು. ಮೇಡಂ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕದ್ದಿಲ್ಲ ಮೇಡಂ ಇವಳು," ಎಂದಳು. "ಕಥೆ ನಮ್ಮ ದೊಡ್ಡವಳದ್ದು. ಅವಳು ಹೋಗಿಬಿಟ್ಟಳು. ತಪ್ಪು ಮಾತ್ರ ಇವಳದ್ದೇ."

ಅಕ್ಕ ಹೋಗಿಬಿಟ್ಟಳು ಎಂಬ ಮಾತನ್ನು ಅಮ್ಮನ ಬಾಯಿಂದ ಮಳ್ಳಿ ಕೇಳಿದ್ದು ಅದೇ ಮೊದಲು, ಅದೂ ಪರರ ಎದುರಿನಲ್ಲಿ. ವಿಷಯವೆಲ್ಲ ಕೇಳಿದ ಮೇಲೆ ಮೇಡಂ, ನನ್ನಿಂದ ತಪ್ಪಾಯಿತಮ್ಮ ಎಂದರು. ಆಮೇಲೆ ಮಳ್ಳಿಯ ಕಡೆ ತಿರುಗಿದರು.

"ಇದು ಮಾರ್ಕ್ಸಿಗೆ ಕೇಳ್ತಿರೋದಲ್ಲ. ಪದ ನಿಂದು, ಕಥೆಗಳು ನಿಮ್ಮಕ್ಕಂದು. ನಿನ್ನ ಕಥೆ ಯಾವುದು?"

ಎಷ್ಟು ಮೆತ್ತಗೆ ಕೇಳಿದರೂ ಆ ಪ್ರಶ್ನೆ ಮಳ್ಳಿಯನ್ನು ಮನೆಯವರೆಗೂ ಅಟ್ಟಿಸಿಕೊಂಡು ಬಂತು. ಅಕ್ಕನದನ್ನೆಲ್ಲ ತೆಗೆದುಬಿಟ್ಟರೆ ತನ್ನಲ್ಲಿ ಉಳಿಯುವುದೇನು? ಏನೂ ಉಳಿಯದಿದ್ದರೆ ತಾನು ಯಾರು? ಅಕ್ಕ ಬಿಟ್ಟುಹೋದ ಮಾತುಗಳನ್ನು ಇಷ್ಟು ವರ್ಷ ಹೊತ್ತು ತಿರುಗಿದ ಚೀಲವೇ? ಕದ್ದ ಆರೋಪ ಹೋಯಿತು, ಅದಕ್ಕಿಂತ ಕೆಟ್ಟದ್ದು ಬಂದು ಕೂತಿತು. ಹೊಸ ಕಥೆ ಎಂದು ಏನು ಯೋಚಿಸಿದರೂ ಇದು ಮೇಜಿನ ಕೆಳಗೆ ಕೇಳಿದ್ದಿರಬೇಕು ಎಂದು ಅನುಮಾನ. ಒಂದು ಹಾಳೆಯೂ ತುಂಬಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಒಂದು ದೊಡ್ಡ ಪರದೆಯನ್ನು ಮೇಜಿನ ಮೇಲೆ ಹರಡಿ ಅಂಚು ಮಡಿಸುತ್ತಿದ್ದಳು. ಮಳ್ಳಿ ಇಳಿಬಿದ್ದ ಬಟ್ಟೆಯನ್ನು ಎತ್ತಿ ಮೇಜಿನ ಕೆಳಗೆ ನುಸುಳಿದಳು. ಈಗ ಅಲ್ಲಿ ಅವಳು ಹಿಡಿಸುತ್ತಿರಲಿಲ್ಲ. ತಲೆ ಹಲಗೆಗೆ ತಾಗುತ್ತಿತ್ತು, ಮೊಣಕಾಲು ಬಟ್ಟೆಯಿಂದ ಆಚೆ ಬರುತ್ತಿತ್ತು. ಅಕ್ಕ ಇಲ್ಲಿ ಹೇಗೆ ಹಿಡಿಸುತ್ತಿದ್ದಳು ಎಂದುಕೊಂಡಳು. ಲೆಕ್ಕ ಹಾಕಿದರೆ ಅಕ್ಕ ಹೋದಾಗಿನ ವಯಸ್ಸು ಈಗ ತನ್ನದು. ಅಕ್ಕನೂ ಹೀಗೆಯೇ ಕತ್ತು ಬಾಗಿಸಿ, ಬೆನ್ನು ನೋಯಿಸಿಕೊಂಡು, ಇವಳಿಗಾಗಿ ಕೂರುತ್ತಿದ್ದಳು. ಈ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ಅಲ್ಲೇ ಕೂತು ಮೊಬೈಲಿನಲ್ಲಿ ಬರೆದಳು, ನಿಧಾನವಾಗಿ, ಒಂದೊಂದು ಪದಕ್ಕೂ ತಡಕಾಡುತ್ತ. ಪಕ್ಕದಲ್ಲಿ ಯಾರೂ ಹೇಳಿಕೊಡಲಿಲ್ಲ.

ಹೊರಗೆ ಬಂದು ಅಮ್ಮನಿಗೆ ಓದಿ ಹೇಳಿದಳು.

"ನೆಳರು ಬಾಗಿಲ ಹಿಂದೆ ಕಾಯುತ್ತಲೇ ಇತ್ತು. ದೊಡ್ಡ ಹುಡುಗಿ ಬರಲಿಲ್ಲ. ಮನೆಯವರು ಅದನ್ನು ತುಳಿಯದೆ ಸುತ್ತು ಬಳಸಿ ಓಡಾಡುವುದನ್ನು ಕಲಿತರು, ಆದರೆ ಅಲ್ಲಿ ಒಂದು ನೆಳರಿದೆ ಎಂದು ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಚಿಕ್ಕ ಹುಡುಗಿ ದಿನಾ ಶಾಲೆಯಿಂದ ಬಂದು ಅದರ ಕಾಲ ಬಳಿ ಕೂರುತ್ತಿದ್ದಳು. ಕೂತು ಕೂತು ಬೆಳೆದಳು. ಒಂದು ದಿನ ಅಲ್ಲಿಂದ ಎದ್ದು ನಿಂತಾಗ ನೆಳರು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿತು. ಅಳತೆ ಸರಿಹೋಯಿತು. ನೀನು ಅವಳಲ್ಲ, ಎಂದಿತು ನೆಳರು. ಅಲ್ಲ, ಎಂದಳು ಹುಡುಗಿ. ಆದರೂ ಹೋಗೋಣ ಬಾ. ಬಾಗಿಲು ತೆರೆದಳು. ನೆಳರು ಅವಳ ಜೊತೆ ಹೊರಗೆ ಹೋಯಿತು, ಎಲ್ಲ ನೆರಳುಗಳೂ ಹೋಗುವ ಹಾಗೆ."

ಅಮ್ಮ ಈ ಸಲ ಯಾವ ಸಾಲನ್ನೂ ಮೊದಲೇ ಹೇಳಲಿಲ್ಲ. ಓದಿ ಮುಗಿದ ಮೇಲೂ ಮಡಿಸಿದ ಅಂಚನ್ನು ಬೆರಳಿನಿಂದ ಒತ್ತುತ್ತಲೇ ಇದ್ದಳು.

"ಆ ಜರಡಿಗೆ ಹಾಕು, ನೋಡೋಣ," ಎಂದಳು ಕೊನೆಗೆ.

ಮಳ್ಳಿ ಹಾಕಿದಳು. ಮೊಬೈಲಿನ ಪರದೆಯ ಮೇಲೆ ಗೆರೆಯೊಂದು ಹರಿದಾಡಿತು. ಕೆಂಪು ಎಲ್ಲಿಯೂ ಮೂಡಲಿಲ್ಲ. ಈ ಬರಹ ಎಲ್ಲೂ ಸಿಗಲಿಲ್ಲ, ಎಂದು ಬಂತು.

ಇದಕ್ಕಾಗಿಯೇ ಅವಳು ಇಷ್ಟು ದಿನ ಒದ್ದಾಡಿದ್ದು. ಕುಣಿದಾಡಬೇಕಿತ್ತು. ಆದರೆ ಆ ನಾಲ್ಕು ಪದ ಓದುತ್ತಿದ್ದ ಹಾಗೆ ಅವಳ ಎದೆ ಕುಸಿಯಿತು. ಹೋದಲ್ಲೆಲ್ಲ ಮೊದಲೇ ಬಂದು ಕೂತಿರುತ್ತಿದ್ದವಳು ಇಲ್ಲಿ ಇರಲಿಲ್ಲ. ಇಷ್ಟು ದೂರ ಅಕ್ಕ ಬಂದೇ ಇರಲಿಲ್ಲ. ಎರಡನೇ ಕ್ಲಾಸಿನ ಹುಡುಗಿಗೆ ಯಾರೂ ಕೂರಿಸಿ ಹೇಳದೆ ಉಳಿಸಿದ್ದ ಸುದ್ದಿಯನ್ನು ಈಗ ಒಂದು ಯಂತ್ರ ಹೇಳಿತ್ತು. ಮಳ್ಳಿ ಮೇಜಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

"ಏನಂತೆ?" ಎಂದು ಅಮ್ಮ ಕೇಳಿದಳು.

"ಎಲ್ಲೂ ಇಲ್ವಂತೆ ಅಮ್ಮ."

ಅಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು.

"ಸರಿಯಾಗಿ ಹುಡುಕಿತೇನೇ ಅದು?" ಎಂದಳು. "ಇನ್ನೊಂದ್ಸಲ ಹಾಕಿ ನೋಡು."

ಮಳ್ಳಿ ಕಣ್ಣೊರೆಸಿಕೊಂಡು ಇನ್ನೊಂದು ಸಲ ಹಾಕಿದಳು. ತಾಯಿ ಮಗಳಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು, ಕೆಂಪು ಬರಲಿ ಎಂದು ಕಾದರು.